ನಿನ್ನ ಪಾಲಿನ ಅರ್ಧ ತಟ್ಟೆ

ಮನೆಯಿಂದ, ಕಿಟಕಿಯ ಬೆಳಕಿಗೆ ಕೂತು
ಮಂಗಳವಾರ, ಹನ್ನೊಂದನೇ ತಾರೀಖು

ಪ್ರೀತಿಯ ಎಡಚೀ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಮಗಳು, ಅಳಿಯ ಸೌಖ್ಯವೇ? ಮಗುವಿಗೆ ಹಲ್ಲು ಬಂತೇ? ನಾನಿಲ್ಲಿ ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ಅಕ್ಷರ ಇಷ್ಟು ದಪ್ಪಗಿರುವುದಕ್ಕೆ ನಗಬೇಡ. ಕಣ್ಣಿನ ಪೊರೆ ಬಲಿತು ಹಾಳೆಯ ಗೆರೆಯೇ ಕಾಣುವುದಿಲ್ಲ. ಮೂವತ್ತು ವರ್ಷ ನಿನ್ನ ಜೊತೆ ಅಂಗಡಿಯಲ್ಲಿ ಕೂತು ಶಾಲೆ ಮಕ್ಕಳ ಅಂಗಿಗೆ ಕಾಜ ಹೊಲಿದವಳು, ಈಗ ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯವರನ್ನು ಕೂಗಬೇಕು. ಶುಗರ್ ಇಳಿದರೆ ಈ ಇಪ್ಪತ್ತಕ್ಕೆ ಆಪರೇಷನ್, ಇಳಿಯದಿದ್ದರೆ ಇಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿರುವುದು ನಿನಗೆ ಗೊತ್ತೇ ಇದೆ. ಇವತ್ತು ಬೆಳಿಗ್ಗೆ ರಕ್ತ ಕೊಟ್ಟು ಬಂದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಇಟ್ಟುಕೊಂಡು ಮಾತಾಡುತ್ತೀಯ, ಪಕ್ಕದಲ್ಲಿ ನಿನ್ನ ಬೀಗಿತ್ತಿ ಕಿವಿ ನಿಮಿರಿಸಿಕೊಂಡು ಕೂತಿರುತ್ತಾರೆ. ಇದು ಅವರು ಕೇಳುವ ಮಾತಲ್ಲ.

ಭಾನುವಾರ, ನಮಗೆ ಅಂಗಿ ಗುಂಡಿ ಕೊಡುತ್ತಿದ್ದ ಆ ಗುಂಡಿ ಅಂಗಡಿಯವರ ಮನೆಯಲ್ಲಿ ಊಟವಿತ್ತು. ಅವರ ಮದುವೆಯಾಗಿ ಐವತ್ತು ವರ್ಷವಂತೆ. ಆ ಜಿಪುಣನ ಜೊತೆ ಐವತ್ತು ವರ್ಷ ಕಳೆದದ್ದಕ್ಕೆ ಅವರ ಹೆಂಡತಿಗೊಂದು ಪದಕ ಕೊಡಬೇಕಿತ್ತು. ನಾನು ತಯಾರಾಗಿಯೇ ಹೋದೆ. ಮನೆಯಲ್ಲೇ ಒಂದು ಸೌತೆಕಾಯಿ ತಿಂದು ಎರಡು ಲೋಟ ನೀರು ಕುಡಿದಿದ್ದೆ. ಊಟದ ಮೇಜಿಗೆ ಬೆನ್ನು ಹಾಕಿ ಕೂರಬೇಕು, ಕೇಕಿನ ಕಡೆ ತಿರುಗಿಯೂ ನೋಡಬಾರದು ಎಂದು ಗಟ್ಟಿ ಮನಸ್ಸು ಮಾಡಿದ್ದೆ. ಬಾಗಿಲಲ್ಲೇ ಗುಂಡಿ ಅಂಗಡಿಯವರು, "ಏನಮ್ಮಾ, ಒಂದು ತಟ್ಟೆಯವರು ಇವತ್ತೂ ಅರ್ಧಾನೇ ಬಂದಿದೀರಲ್ಲ!" ಅಂದರು. ಎಲ್ಲರೂ ನಕ್ಕರು. ನಾನೂ ಹಲ್ಲು ಬಿಟ್ಟೆ, ಒಳಗೆ ಮಾತ್ರ ಚುರುಕ್ ಎಂದಿತು.

ಒಂದು ತಟ್ಟೆಯವರು! ಎಂಟು ವರ್ಷವಾಯಿತಲ್ಲವೇ ನಮಗೆ ಆ ಹೆಸರು ಬಿದ್ದು? ಇಬ್ಬರಿಗೂ ಒಂದೇ ವಾರ ಶುಗರ್ ಎಂದಾಗ ನಾನು ಅತ್ತುಬಿಟ್ಟೆ, ನೀನು ಉಪಾಯ ಹುಡುಕಿದೆ. ಯಾರ ಮನೆಗೆ ಊಟಕ್ಕೆ ಹೋದರೂ ಇಬ್ಬರಿಗೂ ಸೇರಿ ಒಂದೇ ತಟ್ಟೆ. ಬೇಡ ಎಂದರೆ ಕರೆದವರಿಗೆ ಬೇಸರ, ಬಡಿಸಿದ್ದನ್ನೆಲ್ಲ ತಿಂದರೆ ನಮಗೆ ಕೇಡು, ಇದಾದರೆ ಯಾರಿಗೂ ತೊಂದರೆಯಿಲ್ಲ ಅಂದಿದ್ದೆ ನೀನು. ನೀನು ಎಡಕ್ಕೆ, ನಾನು ಬಲಕ್ಕೆ, ಮೊಣಕೈ ಮೊಣಕೈಗೆ ತಾಗದ ಹಾಗೆ. ಸಿಹಿ ಬಂದರೆ ಒಂದೇ ತುಂಡು. "ನಾನು ಕತ್ತರಿಸ್ತೀನಿ, ನೀನು ಆರಿಸ್ಕೋ ಅಕ್ಕಾ" ಅನ್ನುತ್ತಿದ್ದೆ. ನಾನು ದೊಡ್ಡದನ್ನೇ ಆರಿಸುತ್ತೇನೆಂದು ಗೊತ್ತಿದ್ದರಿಂದ ನೀನು ಅಳತೆಪಟ್ಟಿ ಹಿಡಿದವಳ ಹಾಗೆ ಕತ್ತರಿಸುತ್ತಿದ್ದೆ. ಒಂದು ದಿನವೂ ನನಗೆ ದೊಡ್ಡದು ಸಿಗಲಿಲ್ಲ, ಕಳ್ಳಿ.

ಸರಿ, ಭಾನುವಾರದ ವಿಷಯಕ್ಕೆ ಬರುತ್ತೇನೆ. ಚಿಕ್ಕ ತಟ್ಟೆಯಲ್ಲಿ ಒಂದಿಷ್ಟು ಪಲ್ಯ, ಒಂದು ಹಿಡಿ ಅನ್ನ ಹಾಕಿಸಿಕೊಂಡು ಗೋಡೆ ಕಡೆ ಮುಖ ಮಾಡಿ ಕೂತಿದ್ದೆ. ಆಗ ಗುಂಡಿ ಅಂಗಡಿಯವರ ಹೆಂಡತಿ ಫೋನು ಹಿಡಿದುಕೊಂಡು ಬಂದರು. "ನೋಡಿ, ನಿಮ್ಮ ತಂಗಿ ಅಲ್ಲೂ ಜೋಡಿ ಹುಡ್ಕೊಂಡಿದಾರೆ!" ಅಂದರು. ನಿನ್ನ ಮಗಳು ಕಳಿಸಿದ ಚಿತ್ರ. ಚೀಲದಿಂದ ಭೂತಗನ್ನಡಿ ತೆಗೆದು ನೋಡಿದೆ. ಉದ್ದನೆಯ ಮೇಜು, ಯಾರದೋ ಹುಟ್ಟುಹಬ್ಬ, ನಡುವೆ ನೀನು ಮತ್ತು ನಿನ್ನ ಬೀಗಿತ್ತಿ. ಇಬ್ಬರ ಮುಂದೆ ಒಂದೇ ತಟ್ಟೆ. ನಿನ್ನ ಕೈಯಲ್ಲಿ ಚಾಕು. ಕತ್ತರಿಸುತ್ತಿದ್ದೀಯ. ಅವರು ಆರಿಸಲು ಕಾಯುತ್ತಿದ್ದಾರೆ!

ಮುಚ್ಚುಮರೆ ಯಾಕೆ, ನನಗೆ ಹೊಟ್ಟೆಕಿಚ್ಚಾಯಿತು. ಈಗಲೂ ಇದೆ. ಹೋದ ಪತ್ರದಲ್ಲಿ ನೀನು "ಬೀಗಿತ್ತಿಯವರ ದಯೆಯಿಂದ ನನ್ನ ಶುಗರ್ ಹತೋಟಿಗೆ ಬಂತು" ಎಂದು ಬರೆದಾಗಲೇ ನನಗೆ ಅರ್ಥವಾಗಬೇಕಿತ್ತು. ಮಗು ಹುಟ್ಟಿದೆ, ಎರಡು ತಿಂಗಳು ಇದ್ದು ಬರ್ತೀನಿ ಎಂದು ಹೋದವಳು ಏಳು ತಿಂಗಳಾದರೂ ಬರಲಿಲ್ಲವಲ್ಲ, ಮಗು ನೆವ, ಊಟದ ಜೊತೆಯೇ ನಿಜ ಅನಿಸಿತು. ಅವರ ಕೂದಲು ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಭೂತಗನ್ನಡಿ ಹಿಡಿದು ಇನ್ನೊಂದು ಸಲ ನೋಡಿದೆ. ನೀನು ಅವರ ಬಲಕ್ಕೆ ಕೂತಿದ್ದೀಯ. ನಿನ್ನ ಎಡಗೈ ಅವರ ಬಲಗೈಗೆ ತಾಗುತ್ತಲೇ ಇರಬೇಕು. ಎಡಚಿಯನ್ನು ಎಲ್ಲಿ ಕೂರಿಸಬೇಕು ಎಂಬುದೂ ಆ ಹೆಂಗಸಿಗೆ ಗೊತ್ತಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಅಷ್ಟು ದೊಡ್ಡ ಸಂತೋಷ ಪಟ್ಟವಳು ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು.

ಆ ಸಂತೋಷ ಐದು ನಿಮಿಷವೂ ಉಳಿಯಲಿಲ್ಲ. ಎದ್ದು ಹೋಗಿ ದೊಡ್ಡ ತಟ್ಟೆ ತುಂಬ ಹಾಕಿಸಿಕೊಂಡೆ. ಅನ್ನ, ಕರಿದದ್ದು, ಅದರ ಮೇಲೆ ಎರಡು ತುಂಡು ಕೇಕು. ನೀನು ನನ್ನನ್ನು ಬಿಟ್ಟು ತಿನ್ನುವುದಾದರೆ ನಾನೂ ನಿನ್ನನ್ನು ಬಿಟ್ಟು ತಿನ್ನುತ್ತೇನೆ ಎಂದುಕೊಂಡು, ಒಂದು ಅಗುಳೂ ಬಿಡದೆ ತಿಂದೆ. ರುಚಿ ಹೇಗಿತ್ತು ಎಂದು ಕೇಳಬೇಡ, ಗೊತ್ತಿಲ್ಲ. ಏಳು ತಿಂಗಳು ಒಬ್ಬಳೇ ಬಾಯಿ ಕಟ್ಟಿಕೊಂಡಿದ್ದವಳು ಅದೊಂದು ದಿನ ಜಾರಿದೆ, ಅಷ್ಟೆ.

ಮಗುವಿಗೆ ದೊಡ್ಡಜ್ಜಿಯ ಎರಡು ಮುತ್ತು, ಕೆನ್ನೆಗೊಂದು. ಮಗಳು ಅಳಿಯನಿಗೆ ಆಶೀರ್ವಾದ. ಬೀಗಿತ್ತಿಗೆ ನಮಸ್ಕಾರ ಹೇಳು, ಮರೆತರೂ ಪರವಾಗಿಲ್ಲ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ.

ಇಂತಿ,
ನಿನ್ನ ಬಲಗಡೆಯವಳು,
ಅಕ್ಕ

ಇನ್ನೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ರಕ್ತದ ವರದಿ ಬಂತು. ಆಪರೇಷನ್ ಎರಡು ತಿಂಗಳು ಮುಂದೆ ಹೋಯಿತು. ಒಂದು ದಿನದ ಊಟಕ್ಕೆ ಈ ಅಂಕಿ ಬರುವುದಿಲ್ಲ, ಇದು ಮೂರು ತಿಂಗಳ ಲೆಕ್ಕ ಅಂದರು ಡಾಕ್ಟರು. ಮೇಲೆ ಬರೆದದ್ದು ಸುಳ್ಳು ಕಣೇ. ಭಾನುವಾರ ಮೊದಲ ಸಲವಲ್ಲ. ನೀನು ಹೋದಾಗಿನಿಂದ ಹನ್ನೊಂದು ಕಡೆ ಊಟಕ್ಕೆ ಹೋದೆ. ಅಭ್ಯಾಸವಾದ ಕೈ ಕೇಳಬೇಕಲ್ಲ, ಹೋದಲ್ಲೆಲ್ಲ ಇಬ್ಬರಿಗಾಗುವಷ್ಟು ಒಂದು ತಟ್ಟೆ ಹಾಕಿಸಿಕೊಂಡೆ. ಬಲಗಡೆಯ ನನ್ನ ಅರ್ಧ ತಿಂದು ನಿಲ್ಲಿಸಿದೆ. ಎಡಗಡೆಯ ಅರ್ಧ ಹಾಗೇ ಮುಂದೆ ಕೂತಿರುತ್ತಿತ್ತು. ನಿನ್ನ ಪಾಲು, ಚೆಲ್ಲಲು ಮನಸ್ಸು ಬರಲಿಲ್ಲ. ಹನ್ನೊಂದು ಸಲವೂ ತಿಂದೆ. ನನಗೆ ನಿನ್ನ ಮುಖ ಸರಿಯಾಗಿ ಕಾಣುವ ಕಣ್ಣು ಬೇಕು. ಬಂದುಬಿಡು. ಕತ್ತರಿಸುವವಳೂ ನಾನೇ, ಆರಿಸುವವಳೂ ನಾನೇ ಆದರೆ ಎರಡು ತುಂಡೂ ನನಗೇ ಬೀಳುತ್ತವೆ.