ಬೀರುವಿನ ಕತ್ತರಿ

ಅಣ್ಣನಿಗೆ ಶರಣು.

ಸೋಮವಾರದಿಂದ ಚಂದ್ರಾ ಲೇಔಟಿನ ಯಶೋದಮ್ಮನವರ ಟೈಲರಿಂಗ್ ಅಂಗಡಿಯಲ್ಲಿ ನನಗೆ ಕೆಲಸ. ಇದನ್ನು ಹುಡುಕಿಕೊಟ್ಟ ಪುನರ್ವಸತಿ ಕೇಂದ್ರದ ರಕ್ಷಾ ಮೇಡಂ ಮೊದಲ ವಾರ ಜೊತೆಗೆ ಬರುತ್ತಾರೆ. ಆರು ವರ್ಷ ಎಲ್ಲಿದ್ದೆ ಅಂತ ಯಶೋದಮ್ಮ ಕೇಳಿದರೆ ಊರಲ್ಲಿದ್ದೆ ಅಂತ ಹೇಳು ಎಂದಿದ್ದೆಯಲ್ಲ, ಹಾಗೆ ಹೇಳಲಿಲ್ಲ. ತಲೆ ಕೆಟ್ಟಿತ್ತು, ಆಸ್ಪತ್ರೆಯಲ್ಲಿದ್ದೆ, ಈಗಲೂ ಮಾತ್ರೆ ನುಂಗುತ್ತೇನೆ ಅಂದೆ. ಯಶೋದಮ್ಮ ಕೇಳಿದ್ದು ಒಂದೇ, "ಬ್ಲೌಸ್ ಕಟಿಂಗ್ ಬರತ್ತಾ?"

ಬರತ್ತೆ. ಆದರೆ ನನ್ನ ಕತ್ತರಿ ಬೇಕು, ಬೇರೆಯದು ಕೈಗೆ ಒಗ್ಗುವುದಿಲ್ಲ. ಹುಷಾರಿಲ್ಲದಾಗ ನೀನು ಹೆದರಿ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಆಗ ಮಾಡಿದ್ದು ಸರಿ. ಈಗ ಬೀಗ ತೆಗಿ.

ಭಾನುವಾರ ಬರುತ್ತೇನೆ. ಪೇಪರಿನಲ್ಲಿ ಸುತ್ತಿ ಅತ್ತಿಗೆಯ ಕೈಲಿ ಕೊಡಿಸಬೇಡ. ನಿನ್ನ ಮಕ್ಕಳ ಎದುರಿಗೇ, ನೀನೇ ನನ್ನ ಕೈಗೆ ಕೊಡು.

ನಿನ್ನ ತಂಗಿ,
ದಾಕ್ಷಾಯಿಣಿ