ಹತ್ತು ಕೊಟ್ಟು ಹತ್ತು ತೆಗೆದದ್ದು

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮೊದಲೇ ಹೇಳಿಬಿಡುತ್ತೇನೆ, ಮೈಗೇನೂ ಆಗಿಲ್ಲ, ತಲೆ ಮಾತ್ರ ಕೆಟ್ಟು ಕೆರ ಹಿಡಿದಿದೆ. ನೀನು ಮೂವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ನಿಂತವಳು. ನಿನಗಲ್ಲದೆ ಇದನ್ನು ಯಾರಿಗೆ ಹೇಳಲಿ?

ನಮ್ಮ ಆಸ್ಪತ್ರೆಯಲ್ಲಿ ಗರ್ಭಕೋಶದ ಆಪರೇಷನ್ ಆದ ಟೀಚರೊಬ್ಬರು ಒಂಬತ್ತನೇ ದಿನ ಹೊಟ್ಟೆಯೊಳಗೆ ಕೀವಾಗಿ ತೀರಿಕೊಂಡರು. ಒಳಗೇನೋ ಒತ್ತುತ್ತಿದೆ ಎಂದಿದ್ದರಂತೆ, ಗ್ಯಾಸ್ ಎಂದು ಮಾತ್ರೆ ಕೊಟ್ಟರಂತೆ. ಶವಪರೀಕ್ಷೆ ಮಾಡಿದ ಡಾಕ್ಟರಮ್ಮನಿಗೆ ಕರುಳಿನ ಹಿಂದೆ ರಕ್ತ ಒರೆಸುವ ಮಾಪ್ ಬಟ್ಟೆ ಸಿಕ್ಕಿತು. ಆವತ್ತು ಸರ್ಜನ್ ಪಕ್ಕ ನಿಂತು ಸಾಮಾನು ಕೊಟ್ಟವಳು ನಾನು. ದೂರ ನಿಂತು ಬೋರ್ಡಿನ ಮೇಲೆ ಲೆಕ್ಕ ಬರೆದವಳು ನಮ್ಮ ಕಿರಿಯ ನರ್ಸ್, ನಾನು ಗುಬ್ಬಿ ಎಂದು ಕರೆಯುವವಳು. ಕೊಟ್ಟದ್ದು ಹತ್ತು, ಹೊರಬಂದದ್ದು ಹತ್ತು. ಇಬ್ಬರೂ ಬಾಯಿಬಿಟ್ಟು ಎಣಿಸಿದ್ದೇವೆ. ಬೋರ್ಡಿನಲ್ಲಿರುವುದು ಅವಳ ಅಕ್ಷರವೆಂದು ಅವಳನ್ನು ಸಸ್ಪೆಂಡ್ ಮಾಡಿದ್ದಾರೆ.

ನಿನ್ನೆ ಡಾಕ್ಟರಮ್ಮ ನನ್ನನ್ನು ಕರೆಸಿದ್ದರು. ಗಟ್ಟಿ ಹೆಂಗಸು, ಕೂಗಾಡುವುದಿಲ್ಲ. ಕೂಗಾಡಿದ್ದರೆ ನಾನೂ ಜಗಳವಾಡಿ ಹಗುರಾಗುತ್ತಿದ್ದೆ. ಮೇಜಿನ ಮೇಲೆ ಫೋಟೋ ಇಟ್ಟರು. ಬಟ್ಟೆಯ ಮೂರು ಅಂಚಿಗೆ ಹೊಲಿಗೆಯಿದೆ, ನಾಲ್ಕನೆಯದು ಕತ್ತರಿಸಿದ್ದು.

“ಇದು ಅರ್ಧ ಬಟ್ಟೆ ಸಿಸ್ಟರ್. ಇನ್ನರ್ಧಾನೇ ನೀವು ಹತ್ತನೇದು ಅಂತ ಎಣಿಸಿದ್ದೀರಿ. ಕತ್ತರಿಸಿದ್ದು ಯಾರು?”

ನೆನಪಿಲ್ಲ ಎಂದೆ. ಸುಳ್ಳಲ್ಲ ಅಕ್ಕಾ. ಚಿಕ್ಕ ಮಾಪ್ ಕೊಡಿ ಎಂದು ಸರ್ಜನ್ ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಅದು ಟೀಚರ ಹೊಟ್ಟೆಯೋ, ಹಿಂದಿನ ವಾರದವರ ಹೊಟ್ಟೆಯೋ? ಇಪ್ಪತ್ತೆರಡು ವರ್ಷದ ಹೊಟ್ಟೆಗಳೆಲ್ಲ ಒಂದರೊಳಗೊಂದು ಕಲಸಿಹೋಗಿವೆ. ಒಮ್ಮೆ ನಾನೇ ಎನಿಸುತ್ತದೆ. ಮುಖ ತೊಳೆದು ಬರುವಷ್ಟರಲ್ಲಿ ಇರಲಾರದು ಎನಿಸುತ್ತದೆ. ಚಿಕ್ಕದು ಮುಗಿದಿದ್ದರೆ ಹೊಸ ಕಟ್ಟು ತರಿಸಿದ್ದರಾಗುತ್ತಿತ್ತು. ನಾನು ಅಷ್ಟೂ ಮಾಡದ ಸೋಮಾರಿಯೇ?

ಬೆಳಿಗ್ಗೆ ಗುಬ್ಬಿ ಮನೆಗೆ ಬಂದಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು. “ನಾನೇ ಸರಿಯಾಗಿ ನೋಡ್ಲಿಲ್ಲ ಸಿಸ್ಟರ್, ಹಾಗೇ ಬರೆದುಕೊಟ್ಟುಬಿಡ್ತೀನಿ” ಎಂದಳು. ಕೊಟ್ಟರೆ ಅವಳ ಕೆಲಸವೂ ಹೋಯಿತು, ಕೇಸೂ ಅವಳ ತಲೆಗೆ. ಬೇಡ ಅನ್ನಬೇಕಿತ್ತು. ಕಾಫಿ ಕುಡಿ ಎಂದೆ. ಥೂ, ನನ್ನ ಜನ್ಮಕ್ಕಿಷ್ಟು.

ಏನು ಮಾಡಲಿ? ಒಂದೂ ತೋಚುತ್ತಿಲ್ಲ. ಭಾವನ ಹತ್ತಿರ ಈಗಲೇ ಬಾಯಿಬಿಡಬೇಡ.

ನಿನ್ನ ತಂಗಿ

ತಾ.ಕ.: ಬರೆದದ್ದನ್ನು ಮತ್ತೆ ಓದಿದೆ. ನಿನ್ನಂಥವಳಿಂದ ಬಚ್ಚಿಟ್ಟು ಪ್ರಯೋಜನವಿಲ್ಲ. ದೂರ ನಿಂತು ಬರೆಯುವ ಗುಬ್ಬಿ ಸ್ಟೆರೈಲ್ ಮಾಡಿದ ಕತ್ತರಿ ಮುಟ್ಟುವಂತಿಲ್ಲ. ಸರ್ಜನ್‌ರ ಎರಡು ಕೈಯೂ ಹೊಟ್ಟೆಯೊಳಗಿದ್ದವು. ಕತ್ತರಿ ಇದ್ದದ್ದು ನನ್ನ ತಟ್ಟೆಯಲ್ಲಿ. ನೆನಪಿರಲಿ ಬಿಡಲಿ, ಕೈ ನನ್ನದೇ. ನಾಳೆ ಬೆಳಿಗ್ಗೆಯೇ ಹೋಗಿ ಡಾಕ್ಟರಮ್ಮನಿಗೆ ಹೇಳುತ್ತೇನೆ. ಇದು ನಿನ್ನ ಕೈಸೇರುವಷ್ಟರಲ್ಲಿ ಹೇಳಿಯಾಗಿರುತ್ತದೆ. ಫೋನ್ ಮಾಡಿದ್ದರೆ ನೀನು ಬೇಡ ಅನ್ನುತ್ತಿದ್ದೆ, ನಾನು ಕೇಳಿಬಿಡುತ್ತಿದ್ದೆ. ಅದಕ್ಕೇ ಕಾಗದ ಬರೆದೆ.