ಕಿಟಕಿಗೆ ಚೂರು ಹಳದಿ

ಅಪ್ಪಾ,

ದೆವ್ವದ ಕಾದಂಬರಿಯೊಂದಕ್ಕೆ ನೀನು ಬರೆದಿದ್ದ ಪಾಳುಮನೆಯ ಮುಖಪುಟ ಚಿತ್ರ ಮತ್ತೆ ಅಚ್ಚಾಗುತ್ತಿದೆ. "ಕಿಟಕೀಲಿ ಒಂದು ದೀಪ ಇಟ್ಟುಕೊಡಮ್ಮ. ಖಾಲಿ ಮನೆಗೆ ಈಗ ಯಾರು ಹೆದರ್ತಾರೆ?" ಎಂದರು ಪ್ರಕಾಶಕರು. ನೀನಿದ್ದಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ. ನಾನು ಒಪ್ಪಿಕೊಂಡು, ನಿನ್ನದೇ ಕುಂಚದಿಂದ ಮಹಡಿಯ ಕಿಟಕಿಗೆ ಚೂರು ಹಳದಿ ಹಚ್ಚಿದೆ. ಅವರು ಬೆಚ್ಚಿಬಿದ್ದರು. "ಅಬ್ಬಾ! ಈಗ ನೋಡು, ಒಳಗೆ ಯಾರೋ ಇದ್ದಾರೆ ಅನ್ಸುತ್ತೆ." ಸುಳ್ಳಲ್ಲ, ನನ್ನ ಮೈಯೂ ಜುಮ್ಮೆಂದಿತು.

ನೀನು ಹೋದಾಗಿನಿಂದ ನಿನ್ನ ಕೋಣೆಯ ದೀಪವನ್ನು ನಾನು ಆರಿಸಿಯೇ ಇಲ್ಲ. ಇವತ್ತು ಸಂಜೆ ಮನೆಗೆ ಬಂದವಳು ಒಳಗೆ ಹೋಗದೆ, ರಸ್ತೆಯಲ್ಲೇ ನಿಂತು ಆ ಕಿಟಕಿಯನ್ನು ನೋಡಿದೆ. ಪೂರ್ತಿ ಕತ್ತಲಾಗುವವರೆಗೂ ನೋಡಿದೆ.

ಒಳಗೆ ಯಾರೋ ಇದ್ದಾರೆ ಅಂತ ಒಂದು ಸಲವೂ ಅನ್ನಿಸಲಿಲ್ಲ, ಅಪ್ಪಾ.